ವರ್ಷದ ಅತ್ಯಂತ ಬೆರಗಿನ ಚಂಡಮಾರುತ ಯಾವುದು? ಹೋಲಿಸಿ ನೋಡುವ ಕ್ರಮ

ವರ್ಷದ ಕೊನೆ ಬಂತೆಂದರೆ ಹವಾಮಾನದ ಹುಚ್ಚು ಹತ್ತಿಸಿಕೊಂಡವರ ನಡುವೆ ಒಂದು ಜಗಳ ತಪ್ಪಿದ್ದಲ್ಲ: ಈ ವರ್ಷ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ ಚಂಡಮಾರುತ ಯಾವುದು? ಒಬ್ಬರು ಗಾಳಿಯ ವೇಗ ಹಿಡಿದು ವಾದಿಸುತ್ತಾರೆ. ಇನ್ನೊಬ್ಬರು ಕೇಂದ್ರದ ಒತ್ತಡ ಎಷ್ಟು ಕುಸಿದಿತ್ತು ನೋಡಿ ಎನ್ನುತ್ತಾರೆ. ಮತ್ತೊಬ್ಬರು ಉಪಗ್ರಹ ಚಿತ್ರವೊಂದನ್ನು ಮುಂದಿಟ್ಟು, ಇಷ್ಟು ಸ್ಪಷ್ಟವಾದ ಕಣ್ಣು (ಸುಳಿಯ ನಡುವಿನ ಶಾಂತ ವೃತ್ತ) ಬೇರೆ ಯಾವುದಕ್ಕಿತ್ತು ಎಂದು ಸವಾಲು ಹಾಕುತ್ತಾರೆ. ಮೂವರೂ ಸರಿಯಿರಬಹುದು. ಆದರೆ ಮೂವರೂ ಉತ್ತರಿಸುತ್ತಿರುವುದು ಬೇರೆ ಬೇರೆ ಪ್ರಶ್ನೆಗಳನ್ನು.

ಹೋಲಿಕೆಯನ್ನು ಕ್ರಮವಾಗಿ ಮಾಡಬಯಸುವವರಿಗಾಗಿ ಈ ಬರಹ. ಉದಾಹರಣೆಗೆ 2023ನೇ ವರ್ಷವನ್ನು ಇಟ್ಟುಕೊಂಡಿದ್ದೇನೆ. ಗಾಳಿಯ ವೇಗದ ಒಂದು ನಿಮಿಷದ ಸರಾಸರಿಯ ಅಂದಾಜಿನಲ್ಲಿ ಆ ವರ್ಷ ಚಂಡಮಾರುತ ಹುಟ್ಟುವ ಪ್ರತಿಯೊಂದು ಸಾಗರ ವಲಯದಲ್ಲೂ ಕನಿಷ್ಠ ಒಂದು ಐದನೇ ದರ್ಜೆ, ಅಂದರೆ ಎಲ್ಲಕ್ಕಿಂತ ಮೇಲಿನ ದರ್ಜೆ, ಮುಟ್ಟಿತು. ಅಭ್ಯಾಸಕ್ಕೆ ಅದಕ್ಕಿಂತ ಸಮೃದ್ಧ ವರ್ಷ ಸಿಗುವುದು ಕಷ್ಟ.

1. ಪ್ರಶ್ನೆ ಮೊದಲು, ಪಟ್ಟಿ ಆಮೇಲೆ

ದತ್ತಾಂಶದ ಕಡತ ತೆರೆಯುವ ಮುನ್ನವೇ, 'ಬೆರಗು' ಎಂದರೆ ನಿಮ್ಮ ಲೆಕ್ಕದಲ್ಲಿ ಏನು ಎಂದು ಬರೆದಿಡಿ. ಉತ್ತುಂಗದಲ್ಲಿ ಮುಟ್ಟಿದ ಬಲವೇ? ಬಲ ಗಳಿಸಿದ ವೇಗವೇ? ಎಷ್ಟು ದಿನ ಬಾಳಿತು, ಒಟ್ಟು ಎಷ್ಟು ಶಕ್ತಿ ಚೆಲ್ಲಿತು ಎಂಬುದೇ? ಗಾತ್ರವೇ? ನೋಟದ ಚೆಲುವೇ? ಅಥವಾ ಆ ಜಾಗಕ್ಕೆ, ಆ ತಿಂಗಳಿಗೆ ಅದು ಎಷ್ಟು ಅಪರೂಪ ಎಂಬುದೇ?

ಇದನ್ನು ಮೊದಲೇ ಬರೆಯಬೇಕು ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಪಟ್ಟಿ ನೋಡಿದ ಮೇಲೆ ಅಳತೆಗೋಲು ಆರಿಸಿದರೆ, ನಮಗೆ ಮೆಚ್ಚಿನ ಚಂಡಮಾರುತ ಗೆಲ್ಲುವ ಅಳತೆಗೋಲನ್ನೇ ಕೈ ಆರಿಸುತ್ತದೆ. 2023ರಲ್ಲಿ ಪೂರ್ವ ಪೆಸಿಫಿಕ್‌ನ ಓಟಿಸ್ ಅಕ್ಟೋಬರ್ 22ರಂದು ಹುಟ್ಟಿ 25ರಂದು ಮುಗಿದುಹೋಯಿತು. ಫ್ರೆಡ್ಡಿ ಫೆಬ್ರುವರಿ ಆರಂಭದಲ್ಲಿ ಆಸ್ಟ್ರೇಲಿಯಾದ ಬಳಿ ಹುಟ್ಟಿ, ಇಡೀ ಹಿಂದೂ ಮಹಾಸಾಗರ ದಾಟಿ, ಮಾರ್ಚ್ ಮಧ್ಯದವರೆಗೆ ಆಫ್ರಿಕಾದ ಅಂಚಿನಲ್ಲಿ ಸುತ್ತಾಡಿತು. ಬೆಳವಣಿಗೆಯ ವೇಗ ಕೇಳಿದರೆ ಓಟಿಸ್ ಎದುರು ಫ್ರೆಡ್ಡಿ ನಿಲ್ಲದು. ಬಾಳಿಕೆ ಕೇಳಿದರೆ ಓಟಿಸ್‌ನ ಹೆಸರೇ ಬಾರದು. ಯಾವುದು ದೊಡ್ಡದು ಎಂಬ ವಾದವನ್ನು ಪ್ರಶ್ನೆಯೇ ತೀರ್ಮಾನಿಸಿಬಿಡುತ್ತದೆ.

2. ವರ್ಷದ ಗಡಿ

ದಕ್ಷಿಣ ಗೋಳಾರ್ಧದಲ್ಲಿ ಚಂಡಮಾರುತದ ಋತು ಹೊಸ ವರ್ಷದ ಗಡಿಯನ್ನು ದಾಟಿ ಹೋಗುತ್ತದೆ. ಅಲ್ಲಿನ ಅಧಿಕೃತ ದಾಖಲೆಗಳಲ್ಲಿ 2022–23 ಎಂಬ ರೀತಿಯ ಲೆಕ್ಕ. ಉತ್ತರ ಗೋಳಾರ್ಧದ ಜೊತೆ ಸೇರಿಸಿ ಹೋಲಿಸುವಾಗ ಕ್ಯಾಲೆಂಡರ್ ವರ್ಷವೇ ವಾಸಿ. ಡಿಸೆಂಬರ್ ಕೊನೆಯಲ್ಲಿ ಹುಟ್ಟಿ ಜನವರಿಗೆ ಕಾಲಿಟ್ಟವುಗಳಿಗೆ ಒಂದು ನಿಯಮ ಸಾಕು: ಗರಿಷ್ಠ ಬಲ ಮುಟ್ಟಿದ್ದು ಯಾವ ವರ್ಷವೋ ಅದು ಆ ವರ್ಷದ್ದು. ಸಮಯವನ್ನೆಲ್ಲ ಯುಟಿಸಿಯಲ್ಲೇ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರೆಯಿರಿ. ಸ್ಥಳೀಯ ಸಮಯ ಬೆರೆಸಿದರೆ 24 ಗಂಟೆಗಳ ಲೆಕ್ಕ ಹಾಕುವಾಗ ತಲೆಕೆಳಗಾಗುತ್ತದೆ.

3. ಗಾಳಿಯ ವೇಗ: ಎಲ್ಲ ಗೊಂದಲದ ತವರು

ಹೆಚ್ಚಿನ ಹೋಲಿಕೆಗಳು ಹಾಳಾಗುವುದು ಇಲ್ಲಿಯೇ, ಹಾಗಾಗಿ ಇಲ್ಲಿ ತುಸು ನಿಧಾನಿಸೋಣ.

ಪ್ರತಿ ಸಾಗರ ವಲಯಕ್ಕೂ ವಿಶ್ವ ಹವಾಮಾನ ಸಂಸ್ಥೆ ಒಂದೊಂದು ಕೇಂದ್ರವನ್ನು ಹೊಣೆಗಾರನನ್ನಾಗಿ ಮಾಡಿದೆ. ಉತ್ತರ ಹಿಂದೂ ಮಹಾಸಾಗರಕ್ಕೆ ದೆಹಲಿಯ ಭಾರತೀಯ ಹವಾಮಾನ ಇಲಾಖೆ, ವಾಯವ್ಯ ಪೆಸಿಫಿಕ್‌ಗೆ ಟೋಕಿಯೊದ ಜಪಾನ್ ಹವಾಮಾನ ಸಂಸ್ಥೆ, ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್‌ಗೆ ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರ, ನೈಋತ್ಯ ಹಿಂದೂ ಮಹಾಸಾಗರಕ್ಕೆ ರಿಯೂನಿಯನ್ ದ್ವೀಪದಲ್ಲಿರುವ ಫ್ರಾನ್ಸ್‌ನ ಕೇಂದ್ರ. ಇವರೆಲ್ಲರೂ 'ಗರಿಷ್ಠ ನಿರಂತರ ಗಾಳಿಯ ವೇಗ' ಎಂಬ ಒಂದೇ ಹೆಸರಿನ ಅಂಕಿ ಕೊಡುತ್ತಾರೆ, ಆದರೆ ಅಳೆಯುವ ಅವಧಿ ಬೇರೆ ಬೇರೆ. ಅಮೆರಿಕದ ಕೇಂದ್ರಗಳದು ಒಂದು ನಿಮಿಷದ ಸರಾಸರಿ. ಭಾರತದ್ದು ಮೂರು ನಿಮಿಷ. ಜಪಾನ್, ಆಸ್ಟ್ರೇಲಿಯಾ, ರಿಯೂನಿಯನ್ ಕೇಂದ್ರಗಳದು ಹತ್ತು ನಿಮಿಷ. ಅವಧಿ ಹೆಚ್ಚಿದಷ್ಟೂ ಏರಿಳಿತಗಳು ಸಮವಾಗಿ, ಅದೇ ಗಾಳಿಗೆ ಕಡಿಮೆ ಅಂಕಿ ಬರುತ್ತದೆ.

2023ರ ಮೇ ತಿಂಗಳಿನ ಎರಡು ಚಂಡಮಾರುತಗಳನ್ನೇ ನೋಡಿ. ಬಂಗಾಳ ಕೊಲ್ಲಿಯ ಮೋಖಾಕ್ಕೆ ಭಾರತೀಯ ಹವಾಮಾನ ಇಲಾಖೆ ಕೊಟ್ಟ ಗರಿಷ್ಠ ವೇಗ ಗಂಟೆಗೆ 215 ಕಿ.ಮೀ. ಗುವಾಮ್ ದ್ವೀಪವನ್ನು ಸವರಿಕೊಂಡು ಹೋದ ಮಾವರ್‌ಗೆ ಜಪಾನ್ ಕೊಟ್ಟದ್ದೂ 215 ಕಿ.ಮೀ. ಕಾಗದದ ಮೇಲೆ ಸರಿಸಮ. ಆದರೆ ಒಂದು ಮೂರು ನಿಮಿಷದ ಸರಾಸರಿ, ಇನ್ನೊಂದು ಹತ್ತು ನಿಮಿಷದ್ದು. ಪಶ್ಚಿಮ ಮತ್ತು ದಕ್ಷಿಣ ಪೆಸಿಫಿಕ್, ಹಿಂದೂ ಮಹಾಸಾಗರಗಳ ಚಂಡಮಾರುತಗಳನ್ನು ಒಂದು ನಿಮಿಷದ ಲೆಕ್ಕದಲ್ಲಿ ಅಂದಾಜಿಸುವ ಅಮೆರಿಕದ ಸೇನಾ ಕೇಂದ್ರ ಜೆಟಿಡಬ್ಲ್ಯುಸಿ ಮೋಖಾಕ್ಕೆ 280, ಮಾವರ್‌ಗೆ 295 ಕಿ.ಮೀ. ಎಂದಿತು. ಸಮಬಲ ಎಂದು ಕಂಡದ್ದು ಸಮಬಲವಲ್ಲ.

ಹಾಗಾದರೆ ಅನುಪಾತ ಹಾಕಿ ಒಂದರಿಂದ ಇನ್ನೊಂದಕ್ಕೆ ಬದಲಿಸಿದರೆ ಆಯಿತಲ್ಲ ಎನಿಸಬಹುದು. ಹತ್ತು ನಿಮಿಷದ ವೇಗ ಎಂದರೆ ಒಂದು ನಿಮಿಷದ ವೇಗದ 0.88ರಷ್ಟು ಎಂಬುದು ಹಳೆಯ ರೂಢಿ; ಸಮುದ್ರದ ಮೇಲೆ 0.93 ಹೆಚ್ಚು ಸೂಕ್ತ ಎಂಬುದು ವಿಶ್ವ ಹವಾಮಾನ ಸಂಸ್ಥೆಯ ಇತ್ತೀಚಿನ ಸಲಹೆ. ಮಾವರ್‌ನ 215 ಕಿ.ಮೀ. ಅಂದರೆ ಸುಮಾರು 115 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ.). ಅದನ್ನು 0.88ರಿಂದ ಭಾಗಿಸಿದರೆ 131, 0.93ರಿಂದ ಭಾಗಿಸಿದರೆ 124 ನಾಟ್. ಜೆಟಿಡಬ್ಲ್ಯುಸಿಯ 295 ಕಿ.ಮೀ. ಎಂದರೆ ಸುಮಾರು 160 ನಾಟ್! ಸರಾಸರಿಯ ಅವಧಿಯೊಂದೇ ಈ ಅಂತರಕ್ಕೆ ಕಾರಣವಲ್ಲ. ಉಪಗ್ರಹ ಚಿತ್ರವನ್ನು ಗಾಳಿಯ ವೇಗಕ್ಕೆ ಬದಲಿಸಲು ಎರಡೂ ಕೇಂದ್ರಗಳು ಬಳಸುವ ಕೋಷ್ಟಕಗಳೇ ಬೇರೆ. ಗುಣಾಕಾರ ಭಾಗಾಕಾರದಿಂದ ಈ ಕಂದಕ ಮುಚ್ಚುವುದಿಲ್ಲ.

ಆದ್ದರಿಂದ ನನ್ನ ಸಲಹೆ ನೇರ: ಜಾಗತಿಕ ಹೋಲಿಕೆಗೆ ಒಂದೇ ಬಗೆಯ ಅಂಕಿಗಳನ್ನು ಬಳಸಿ. ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್‌ಗೆ ಹರಿಕೇನ್ ಕೇಂದ್ರ, ಉಳಿದೆಡೆಗೆ ಜೆಟಿಡಬ್ಲ್ಯುಸಿ. ಎರಡೂ ಒಂದು ನಿಮಿಷದವು. ಹೊಣೆ ಹೊತ್ತ ಕೇಂದ್ರದ ಅಂಕಿಯನ್ನು ಪಕ್ಕದ ಕಾಲಂನಲ್ಲಿ ಇಡಿ, ಆದರೆ ಎರಡನ್ನೂ ಕಲಸಬೇಡಿ.

ಅಮೆರಿಕದ ನೋವಾ ಸಂಸ್ಥೆ ನಿರ್ವಹಿಸುವ ಐಬಿಟ್ರ್ಯಾಕ್ಸ್ ಎಂಬ ಉಚಿತ ದತ್ತಕೋಶದಲ್ಲಿ ಎಲ್ಲ ಕೇಂದ್ರಗಳ ದಾಖಲೆಗಳು ಒಂದೇ ಕಡತದಲ್ಲಿ ಸಿಗುತ್ತವೆ. ಅಲ್ಲೊಂದು ಬಲೆ ಇದೆ. ವಿಶ್ವ ಹವಾಮಾನ ಸಂಸ್ಥೆಯ ಹೆಸರಿರುವ ಗಾಳಿಯ ಕಾಲಂ ಆಯಾ ವಲಯದ ಹೊಣೆಗಾರ ಕೇಂದ್ರದ ಅಂಕಿಯನ್ನು ಇದ್ದ ಹಾಗೆಯೇ ಎತ್ತಿಕೊಳ್ಳುತ್ತದೆ. ಅಂದರೆ ಒಂದು, ಮೂರು, ಹತ್ತು ನಿಮಿಷದ ಸರಾಸರಿಗಳು ಒಂದೇ ಕಾಲಂನಲ್ಲಿ ಗುರುತು ಸಿಗದಂತೆ ಬೆರೆತಿರುತ್ತವೆ. ಅದನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ 'ವರ್ಷದ ಮೊದಲ ಹತ್ತು' ಎಂದು ಹೊರಡಿಸುವವರು ಕಡಿಮೆಯಿಲ್ಲ. ನೀವು ಅಮೆರಿಕದ ಹೆಸರಿನಿಂದ ಆರಂಭವಾಗುವ ಕಾಲಂಗಳನ್ನು ತೆಗೆದುಕೊಳ್ಳಿ. ವೇಗವೆಲ್ಲ ನಾಟ್‌ಗಳಲ್ಲಿರುತ್ತದೆ, 1.852ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿ.ಮೀ. ಎಂದು ಬರುತ್ತದೆ.

ದರ್ಜೆಗಳ ಹೆಸರು ಕೂಡ ಮೋಸ ಮಾಡುತ್ತದೆ. ಅಮೆರಿಕದಲ್ಲಿ ಬಳಸುವ ಸಾಫಿರ್-ಸಿಂಪ್ಸನ್ ಮಾಪಕದ ಐದನೇ ದರ್ಜೆ ಆರಂಭವಾಗುವುದು ಒಂದು ನಿಮಿಷದ 137 ನಾಟ್‌ಗೆ. ಆಸ್ಟ್ರೇಲಿಯಾದ ಐದನೇ ದರ್ಜೆಗೆ ಹತ್ತು ನಿಮಿಷದ ಸುಮಾರು 108 ನಾಟ್ ಸಾಕು. ಭಾರತದ ಮಾಪಕದಲ್ಲಿ ಸೂಪರ್ ಸೈಕ್ಲೋನ್ ಎನಿಸಿಕೊಳ್ಳಲು ಮೂರು ನಿಮಿಷದ 120 ನಾಟ್ ಬೇಕು. ಮೋಖಾ ಒಂದು ಲೆಕ್ಕದಲ್ಲಿ ಐದನೇ ದರ್ಜೆಯದ್ದಾದರೂ ಭಾರತದ ಲೆಕ್ಕದಲ್ಲಿ ಸೂಪರ್ ಸೈಕ್ಲೋನ್ ಆಗಲಿಲ್ಲ.

4. ಅಂಕಿ ಹುಟ್ಟಿದ್ದು ಹೇಗೆ ಎಂಬುದಕ್ಕೊಂದು ಕಾಲಂ

ಚಂಡಮಾರುತಗಳ ಗಾಳಿಯನ್ನು ಬಹುತೇಕ ಯಾರೂ ಅಳೆಯುವುದಿಲ್ಲ, ಅಂದಾಜಿಸುತ್ತಾರೆ. ಅಮೆರಿಕದ ಹವಾಮಾನ ವಿಜ್ಞಾನಿ ವರ್ನನ್ ಡ್ವೊರಾಕ್ 1970ರ ದಶಕದಲ್ಲಿ ರೂಪಿಸಿದ ವಿಧಾನ ಇಂದಿಗೂ ಆಧಾರ. ಮೋಡಗಳ ಸುರುಳಿ, ಕಣ್ಣಿನ ಉಷ್ಣತೆ, ಅದನ್ನು ಸುತ್ತುವರಿದ ಮೋಡದ ನೆತ್ತಿಯ ಶೀತ ಇವನ್ನು ನೋಡಿ ಒಂದರಿಂದ ಎಂಟರವರೆಗೆ ಅರ್ಧರ್ಧದ ಏರಿಕೆಯಲ್ಲಿ ಅಂಕ ಕೊಡುತ್ತಾರೆ. 7.0 ಎಂದರೆ 140 ನಾಟ್, 7.5 ಎಂದರೆ 155, 8.0 ಎಂದರೆ 170. ಅರ್ಧ ಅಂಕದ ಹೆಜ್ಜೆಯೇ 15 ನಾಟ್! ಇಂಥ ಅಂದಾಜಿನಲ್ಲಿ 145 ನಾಟ್‌ನದು 140ರದ್ದಕ್ಕಿಂತ ಬಲಶಾಲಿ ಎಂದು ಪಟ್ಟು ಹಿಡಿಯುವುದರಲ್ಲಿ ಅರ್ಥವಿಲ್ಲ. ಅಂತರ ಹತ್ತು ನಾಟ್‌ಗಿಂತ ಕಡಿಮೆಯಿದ್ದರೆ ಸಮ ಎಂದೇ ಬರೆಯಿರಿ.

ಕೆಲವು ಅದೃಷ್ಟದ ಸಂದರ್ಭಗಳಲ್ಲಿ ನೇರ ಅಳತೆ ಸಿಗುತ್ತದೆ. ಅಟ್ಲಾಂಟಿಕ್‌ನಲ್ಲಿ, ಕೆಲವೊಮ್ಮೆ ಪೂರ್ವ ಪೆಸಿಫಿಕ್‌ನಲ್ಲಿ, ವಿಮಾನಗಳು ಕಣ್ಣಿನೊಳಕ್ಕೇ ಹಾರಿ, ಡ್ರಾಪ್‌ಸೊಂಡ್ ಎಂಬ ಉಪಕರಣಗಳನ್ನು ಕೆಳಗೆ ಬಿಡುತ್ತವೆ. ವಾಯವ್ಯ ಪೆಸಿಫಿಕ್‌ನಲ್ಲಿ ಅಮೆರಿಕ ಇಂಥ ನಿಯಮಿತ ಹಾರಾಟವನ್ನು 1987ರಲ್ಲಿ ನಿಲ್ಲಿಸಿತು. 870 ಹೆಕ್ಟೊಪ್ಯಾಸ್ಕಲ್ ಎಂಬ ವಿಶ್ವದಾಖಲೆಯ ಕನಿಷ್ಠ ಒತ್ತಡ 1979ರ ಅಕ್ಟೋಬರ್‌ನಲ್ಲಿ ಟಿಪ್ ಎಂಬ ಟೈಫೂನಿನಲ್ಲಿ ಸಿಕ್ಕಿದ್ದು ವಿಮಾನ ಅಲ್ಲಿದ್ದುದರಿಂದ. ಅದಕ್ಕೆ ಸಾಟಿಯಾದವು ಆಮೇಲೆ ಬಂದಿದ್ದರೂ ಅಳೆಯಲು ಅಲ್ಲಿ ಯಾರೂ ಇರಲಿಲ್ಲ.

ಓಟಿಸ್ ವಿಷಯದಲ್ಲೂ ಅಷ್ಟೇ. ಅಕ್ಟೋಬರ್ 24ರಂದು ವಿಮಾನ ಒಳಹೊಕ್ಕಾಗ, ಅದುವರೆಗೆ ಅಂದಾಜಿಸಿದ್ದಕ್ಕಿಂತ ಅದು ಬಲವಾಗಿರುವುದು ತಿಳಿಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದ ಇಲ್ಸಾ ಪುಟ್ಟ ಬೆಡೌಟ್ ದ್ವೀಪದ ಮೇಲೆಯೇ ಹಾದುಹೋಗಿ, ಅಲ್ಲಿನ ಸ್ವಯಂಚಾಲಿತ ಕೇಂದ್ರದಲ್ಲಿ ಹತ್ತು ನಿಮಿಷದ ಸರಾಸರಿ 218 ಕಿ.ಮೀ. ದಾಖಲಾಯಿತು. ಆ ದೇಶದ ಮಟ್ಟಿಗೆ ಅದು ಹೊಸ ದಾಖಲೆ. ನನ್ನನ್ನು ಕೇಳಿದರೆ ಉಪಗ್ರಹದಿಂದ ಊಹಿಸಿದ 150 ನಾಟ್‌ಗಿಂತ ಗಾಳಿಮಾಪಕವೊಂದು ಬದುಕುಳಿದು ಬರೆದಿಟ್ಟ ಈ ಅಂಕಿಯೇ ಹೆಚ್ಚು ಮೈ ನವಿರೇಳಿಸುತ್ತದೆ.

ಆದ್ದರಿಂದ ಪ್ರತಿ ಅಂಕಿಯ ಪಕ್ಕ 'ವಿ' (ವಿಮಾನ), 'ನೆ' (ನೆಲದ ಕೇಂದ್ರ), 'ಉ' (ಉಪಗ್ರಹ ಮಾತ್ರ) ಎಂದು ಗುರುತು ಹಾಕಿ. ಪಟ್ಟಿ ಓದುವವರಿಗೆ ಯಾವುದನ್ನು ಎಷ್ಟು ನಂಬಬೇಕು ಎಂದು ಒಂದೇ ಅಕ್ಷರದಲ್ಲಿ ತಿಳಿಯುತ್ತದೆ.

5. ಒತ್ತಡ

ಕೇಂದ್ರದ ಒತ್ತಡಕ್ಕೆ ಸರಾಸರಿ ಅವಧಿಯ ರಗಳೆಯಿಲ್ಲ, ಆದ್ದರಿಂದ ಅದೇ ನ್ಯಾಯವಾದ ಅಳತೆ ಎಂದು ಹಲವರ ನಂಬಿಕೆ. ಅರ್ಧ ಮಾತ್ರ ನಿಜ. ಟಿಪ್‌ನ ಒತ್ತಡ 870 ಹೆಕ್ಟೊಪ್ಯಾಸ್ಕಲ್. 2015ರ ಪೆಟ್ರೀಷಿಯಾದ್ದು 872. ಬಹುತೇಕ ಒಂದೇ. ಆದರೆ ಟಿಪ್‌ನ ಗಾಳಿ ಸುಮಾರು 165 ನಾಟ್, ಪೆಟ್ರೀಷಿಯಾದ್ದು 185. ಟಿಪ್ ಸುಮಾರು 2,220 ಕಿ.ಮೀ. ವ್ಯಾಸದ ದೈತ್ಯ, ಪೆಟ್ರೀಷಿಯಾ ಚಿಕ್ಕದು. ಅಷ್ಟೇ ಕುಸಿತ ಕಡಿಮೆ ದೂರದಲ್ಲಿ ಆದರೆ ಇಳಿಜಾರು ಕಡಿದಾಗುತ್ತದೆ, ಗಾಳಿ ಜೋರಾಗುತ್ತದೆ.

ಸುತ್ತಲಿನ ಒತ್ತಡವೂ ಎಲ್ಲೆಡೆ ಒಂದೇ ಅಲ್ಲ. ಪಶ್ಚಿಮ ಪೆಸಿಫಿಕ್‌ನ ಮುಂಗಾರು ತಗ್ಗಿನಲ್ಲಿ ಹಿನ್ನೆಲೆಯ ಒತ್ತಡವೇ ಕಡಿಮೆ. ಅಲ್ಲಿನ ಚಂಡಮಾರುತಕ್ಕೆ ಕೆಳಗಿನ ಮೆಟ್ಟಿಲಿನಿಂದ ಇಳಿಯುವ ಸೌಲಭ್ಯ. ಅದಕ್ಕೇ ಕೇಂದ್ರದ ಒತ್ತಡವನ್ನಷ್ಟೇ ಬರೆಯದೆ, ಅತ್ಯಂತ ಹೊರಗಿನ ಮುಚ್ಚಿದ ಸಮಭಾರ ರೇಖೆಯ (ಒಂದೇ ಒತ್ತಡವಿರುವ ಜಾಗಗಳನ್ನು ಸೇರಿಸುವ ಗೆರೆ) ಒತ್ತಡದಿಂದ ಅದನ್ನು ಕಳೆದು 'ಕುಸಿತ' ಎಂಬ ಇನ್ನೊಂದು ಕಾಲಂ ಮಾಡಿ. ಜೆಟಿಡಬ್ಲ್ಯುಸಿ ದಾಖಲೆಗಳಲ್ಲಿ ಆ ಹೊರಗಿನ ಒತ್ತಡ ಸಾಮಾನ್ಯವಾಗಿ ಸಿಗುತ್ತದೆ.

6. ಬೆಳೆದ ವೇಗ, ಚೆಲ್ಲಿದ ಶಕ್ತಿ

24 ಗಂಟೆಗಳಲ್ಲಿ 30 ನಾಟ್ ಅಥವಾ ಅದಕ್ಕಿಂತ ಹೆಚ್ಚು ಏರಿದರೆ ಅದಕ್ಕೆ ಕ್ಷಿಪ್ರ ತೀವ್ರಗೊಳ್ಳುವಿಕೆ ಎನ್ನುತ್ತಾರೆ. ಲೆಕ್ಕ ಸುಲಭ: ಆರು ಗಂಟೆಗೊಮ್ಮೆಯ ವೇಗಗಳ ಪಟ್ಟಿಯಲ್ಲಿ ಪ್ರತಿ ಸಾಲಿನಿಂದ ನಾಲ್ಕು ಸಾಲು ಹಿಂದಿನದನ್ನು ಕಳೆಯುತ್ತ ಹೋಗಿ, ಸಿಕ್ಕ ಗರಿಷ್ಠ ಅಂತರವನ್ನು ಬರೆದುಕೊಳ್ಳಿ. ಓಟಿಸ್‌ಗೆ ಇದು 90 ನಾಟ್ ದಾಟುತ್ತದೆ. ಹಿಂದಿನ ದಿನ ಸಾಮಾನ್ಯ ಬಿರುಗಾಳಿಯಾಗಿದ್ದದ್ದು ಮರುದಿನ ನಡುರಾತ್ರಿ ಅಕಾಪುಲ್ಕೊ ಬಳಿ ಐದನೇ ದರ್ಜೆಯಾಗಿ ನೆಲ ಮುಟ್ಟಿತು. ಮೆಕ್ಸಿಕೊದ ಪೆಸಿಫಿಕ್ ಕರಾವಳಿಯ ದಾಖಲೆಯಲ್ಲಿ ಅಂಥದ್ದು ಮೊದಲ ಬಾರಿ. ಅದೇ ವರ್ಷ ಅಟ್ಲಾಂಟಿಕ್‌ನ ಲೀ ಕೂಡ ಒಂದೇ ದಿನದಲ್ಲಿ ಒಂದನೇ ದರ್ಜೆಯಿಂದ ಐದಕ್ಕೆ ಜಿಗಿದಿತ್ತು. ಆದರೆ ಲೀ ಹಾಗೆ ಬೆಳೆಯುವುದನ್ನು ಮುನ್ಸೂಚನೆಕಾರರು ಮೊದಲೇ ನಿರೀಕ್ಷಿಸಿದ್ದರು, ಓಟಿಸ್ ಎಲ್ಲ ಮಾದರಿಗಳ ಕಣ್ಣಿಗೆ ಮಣ್ಣೆರಚಿತು. 'ಮುನ್ಸೂಚನೆ ಮೀರಿದ್ದು ಎಷ್ಟು' ಎಂಬ ಕಾಲಂ ನಿಮ್ಮ ಪಟ್ಟಿಯಲ್ಲಿದ್ದರೆ ಈ ವ್ಯತ್ಯಾಸ ಕಾಣುತ್ತದೆ. ನನ್ನ ಮಟ್ಟಿಗೆ 2023ರಲ್ಲಿ ಓಟಿಸ್ ನಿಜಕ್ಕೂ ದಂಗುಬಡಿಸಿದ್ದು ಈ ಕಾರಣಕ್ಕೇ.

ಒಟ್ಟು ಶಕ್ತಿಗೆ ಬಳಕೆಯಲ್ಲಿರುವ ಸೂಚ್ಯಂಕ ಎಸಿಇ (ಕೂಡಿಬಂದ ಚಂಡಮಾರುತ ಶಕ್ತಿ). ಯುಟಿಸಿ 0, 6, 12, 18 ಗಂಟೆಗಳ ಗರಿಷ್ಠ ವೇಗವನ್ನು ನಾಟ್‌ಗಳಲ್ಲಿ ತೆಗೆದುಕೊಂಡು, ವರ್ಗ ಮಾಡಿ, ಎಲ್ಲವನ್ನೂ ಕೂಡಿಸಿ, ಹತ್ತು ಸಾವಿರದಿಂದ ಭಾಗಿಸಬೇಕು. 34 ನಾಟ್‌ಗಿಂತ ಕಡಿಮೆಯಿದ್ದ ಹೊತ್ತನ್ನು ಬಿಡಬೇಕು. ದಿನವಿಡೀ 50 ನಾಟ್ ಬೀಸಿದ್ದಕ್ಕೆ ಸಿಗುವುದು 1; ದಿನವಿಡೀ 100 ನಾಟ್ ಬೀಸಿದ್ದಕ್ಕೆ 4. ವೇಗ ಎರಡು ಪಟ್ಟಾದರೆ ಅಂಕ ನಾಲ್ಕು ಪಟ್ಟು.

ಐಬಿಟ್ರ್ಯಾಕ್ಸ್ ಬಳಸುವವರು ಇಲ್ಲಿ ಮತ್ತೊಮ್ಮೆ ಎಚ್ಚರ ವಹಿಸಬೇಕು. ಆ ಕಡತದಲ್ಲಿ ಮೂರು ಗಂಟೆಗೊಂದು ಸಾಲು ಇರುತ್ತದೆ, ನಡುವಿನವು ಲೆಕ್ಕ ಹಾಕಿ ತುಂಬಿದವು. ಎಲ್ಲವನ್ನೂ ಕೂಡಿಸಿದರೆ ಎಸಿಇ ಸುಮಾರು ಎರಡು ಪಟ್ಟಾಗಿ ಬಿಡುತ್ತದೆ. ನೆಲ ಮುಟ್ಟಿದ ಹೊತ್ತಿನ ಹೆಚ್ಚುವರಿ ಸಾಲುಗಳೂ ಇರಬಹುದು. ನಾಲ್ಕು ನಿಗದಿತ ಹೊತ್ತುಗಳನ್ನು ಮಾತ್ರ ಸೋಸಿ ತೆಗೆಯಿರಿ.

ಈ ಅಳತೆಯಲ್ಲಿ ಫ್ರೆಡ್ಡಿಗೆ ಎದುರಾಳಿಯಿಲ್ಲ. ಅದರ ಎಸಿಇ ಸುಮಾರು 87. ಒಂದೇ ಚಂಡಮಾರುತಕ್ಕೆ ಅಷ್ಟು ಹಿಂದೆ ದಾಖಲಾಗಿರಲಿಲ್ಲ. 36 ದಿನಗಳ ಅದರ ಬಾಳಿಕೆಯನ್ನು ವಿಶ್ವ ಹವಾಮಾನ ಸಂಸ್ಥೆ 2024ರಲ್ಲಿ ಪರಿಶೀಲಿಸಿ ದಾಖಲೆ ಎಂದು ಒಪ್ಪಿತು. 1994ರ ಜಾನ್ ಎಂಬ ಚಂಡಮಾರುತದ ದಾಖಲೆ ಅಲ್ಲಿಗೆ ಮುರಿಯಿತು. ಕ್ರಮಿಸಿದ ದೂರದಲ್ಲಿ ಮಾತ್ರ ಜಾನ್ ಈಗಲೂ ಮುಂದೆ.

ಅರಬ್ಬೀ ಸಮುದ್ರದ ಬಿಪರ್‌ಜಾಯ್ ಇಲ್ಲಿ ನೆನಪಾಗಬೇಕು. ಬಲದ ಪಟ್ಟಿಯಲ್ಲಿ ಅದು ಎಲ್ಲೋ ಕೆಳಗಿರುತ್ತದೆ. ಆದರೆ 2023ರ ಜೂನ್‌ನಲ್ಲಿ ಹೆಚ್ಚುಕಡಿಮೆ ಎರಡು ವಾರ ಜೀವ ಹಿಡಿದುಕೊಂಡು, ಗುಜರಾತಿನ ಜಖಾವ್ ಬಳಿ ದಡ ಸೇರಿತು. ಚಂಡಮಾರುತಗಳು ಸಾಮಾನ್ಯವಾಗಿ ಒಂದು ವಾರದೊಳಗೇ ಮುಗಿದುಹೋಗುವ ಆ ಕಡಲಿಗೆ ಇದು ಅಪರೂಪ.

7. ಗಾತ್ರ

34 ನಾಟ್ ಗಾಳಿ ಹಬ್ಬಿದ ತ್ರಿಜ್ಯವನ್ನು ನಾಲ್ಕೂ ದಿಕ್ಕುಗಳ ಸರಾಸರಿ ತೆಗೆದು ಬರೆಯಿರಿ, ಸಾಕು. ಗಾತ್ರ ದೊಡ್ಡದಿದ್ದರೆ ಹೆಚ್ಚು ಅಂಕ ಎಂದು ಮಾತ್ರ ಮಾಡಬೇಡಿ. 1974ರಲ್ಲಿ ಡಾರ್ವಿನ್ ನಗರವನ್ನು ನೆಲಸಮ ಮಾಡಿದ ಟ್ರೇಸಿಯ ಬಿರುಗಾಳಿ ಹಬ್ಬಿದ್ದು ಕೇಂದ್ರದಿಂದ 50 ಕಿ.ಮೀ. ಆಸುಪಾಸು ಮಾತ್ರ. ಚಿಕ್ಕದರಲ್ಲೂ ದೊಡ್ಡದರಲ್ಲೂ ವಿಸ್ಮಯವಿದೆ.

8. ಚಿತ್ರಗಳನ್ನು ಎದುರುಬದುರು ಇಡುವುದು

ಒಳಗೊಳಗೆ ಎಲ್ಲರಿಗೂ ಬೇಕಾದದ್ದು ಈ ಹಂತವೇ. ಇಲ್ಲೂ ಶಿಸ್ತು ಬೇಕು, ಇಲ್ಲದಿದ್ದರೆ ಒಳ್ಳೆಯ ಉಪಗ್ರಹವಿರುವ ಕಡಲಿನ ಚಂಡಮಾರುತವೇ ಪ್ರತಿ ವರ್ಷ ಗೆಲ್ಲುತ್ತದೆ.

ಪಶ್ಚಿಮ ಪೆಸಿಫಿಕ್ ಮೇಲಿನ ಹಿಮವಾರಿ ಉಪಗ್ರಹದ ಅತಿಗೆಂಪು ಚಿತ್ರದ ಬಿಂದು ಎರಡು ಕಿ.ಮೀ.ನಷ್ಟು ಸೂಕ್ಷ್ಮ. ಹಿಂದೂ ಮಹಾಸಾಗರವನ್ನು ನೋಡುವ ಮೀಟಿಯೊಸ್ಯಾಟ್‌ನದು ಮೂರು, ಇನ್ಸಾಟ್-3ಡಿಆರ್‌ನದು ನಾಲ್ಕು. ಉಪಗ್ರಹದ ಕೆಳಗೆ ನೇರವಾಗಿ ಇಲ್ಲದ ಜಾಗಗಳಲ್ಲಿ ಅದು ಇನ್ನಷ್ಟು ಮಸುಕಾಗುತ್ತದೆ. ಹತ್ತು ಹದಿನೈದು ಕಿ.ಮೀ. ಅಗಲದ ಪುಟ್ಟ ಕಣ್ಣು ಒರಟು ಬಿಂದುವಿನ ಚಿತ್ರದಲ್ಲಿ ಸುತ್ತಲಿನ ತಣ್ಣನೆಯ ಮೋಡದ ಜೊತೆ ಕಲೆತು, ಇದ್ದದ್ದಕ್ಕಿಂತ ತಂಪಾಗಿ, ಮಬ್ಬಾಗಿ ಕಾಣುತ್ತದೆ. ಡ್ವೊರಾಕ್ ಅಂಕವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ.

ಪರಿಹಾರ: ಧ್ರುವಗಾಮಿ ಉಪಗ್ರಹಗಳ ವಿಐಐಆರ್‌ಎಸ್ ಉಪಕರಣದ ಚಿತ್ರಗಳು. 375 ಮೀಟರ್ ಸೂಕ್ಷ್ಮತೆ, ಎಲ್ಲ ಕಡಲಿಗೂ ಒಂದೇ. ನಾಸಾದ ವರ್ಲ್ಡ್‌ವ್ಯೂ ತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಕೊರತೆಯೆಂದರೆ ಒಂದು ಜಾಗದ ಮೇಲೆ ದಿನಕ್ಕೆ ಕೆಲವೇ ಬಾರಿ ಹಾದುಹೋಗುವುದರಿಂದ ಉತ್ತುಂಗದ ಗಳಿಗೆಯೇ ಸಿಗಬೇಕೆಂದಿಲ್ಲ. ಉತ್ತುಂಗದಿಂದ ಆರು ಗಂಟೆ ಹಿಂದೆ ಮುಂದೆ ಸಿಕ್ಕಿದರೆ ತೆಗೆದುಕೊಳ್ಳಿ.

ಆಮೇಲೆ ಎಲ್ಲ ಚಿತ್ರಗಳನ್ನೂ ಒಂದೇ ಅಳತೆಗೆ, ಅಂದರೆ ಎಲ್ಲದರ ಅಗಲವೂ ನೆಲದ ಮೇಲೆ 800 ಕಿ.ಮೀ. ಆಗುವಂತೆ ಕತ್ತರಿಸಿ. ಉಷ್ಣತೆಗೆ ಒಂದೇ ಬಣ್ಣದ ಕೋಷ್ಟಕ ಹಾಕಿ. ಕಡುಕೆಂಪು ನೇರಳೆ ಬಳಿದ ಚಿತ್ರ ಬಳಿಯದ್ದಕ್ಕಿಂತ ಭಯಂಕರವಾಗಿ ಕಾಣುತ್ತದೆ ಎಂಬುದರಲ್ಲಿ ಹವಾಮಾನದ ಪಾತ್ರವೇನೂ ಇಲ್ಲ. ಡ್ವೊರಾಕ್ ವಿಧಾನಕ್ಕೆಂದೇ ರೂಪಿಸಿದ ಬಿಡಿ ಎಂಬ ಬೂದು ಛಾಯೆಯ ಕೋಷ್ಟಕವೇ ಉತ್ತಮ. ಅದರಲ್ಲಿ ಯಾವ ಛಾಯೆಯ ಉಂಗುರ ಕಣ್ಣನ್ನು ಮುರಿಯದೆ ಸುತ್ತುವರಿದಿದೆ, ಅದರ ಅಗಲ ಎಷ್ಟು ಎಂಬುದನ್ನು ಕಣ್ಣಿನಿಂದಲೇ ಓದಬಹುದು.

ಗುಂಪಾಗಿ ಮತ ಹಾಕುವುದಾದರೆ ಹೆಸರು, ದಿನಾಂಕ, ಕರಾವಳಿಯ ಗೆರೆ ಎಲ್ಲವನ್ನೂ ಅಳಿಸಿ. ದಕ್ಷಿಣ ಗೋಳಾರ್ಧದವು ಗಡಿಯಾರದ ದಿಕ್ಕಿಗೆ ತಿರುಗುವುದರಿಂದ ಅವುಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿದರೆ ಗುರುತು ಸಂಪೂರ್ಣ ಮರೆಯಾಗುತ್ತದೆ. ಹೆಸರು ಕಾಣದಿದ್ದಾಗ ಬೀಳುವ ಮತಕ್ಕೂ ಕಂಡಾಗ ಬೀಳುವ ಮತಕ್ಕೂ ಇರುವ ಅಂತರ ನಿಮ್ಮನ್ನು ನಗಿಸೀತು.

ಮೇಲ್ನೋಟದ ಚೆಲುವಿಗೆ ಮರುಳಾಗುವ ಮುನ್ನ ಮೈಕ್ರೋವೇವ್ ಚಿತ್ರವೊಂದನ್ನೂ ನೋಡಿ. ಅತಿಗೆಂಪಿಗೆ ಕಾಣುವುದು ಮೋಡದ ನೆತ್ತಿ ಮಾತ್ರ. 89 ಗಿಗಾಹರ್ಟ್ಸ್ ಆಸುಪಾಸಿನ ಮೈಕ್ರೋವೇವ್ ತೆಳು ಮೋಡಗಳನ್ನು ದಾಟಿ, ಒಳಗೆ ಕಣ್ಣನ್ನು ಸುತ್ತುವರಿದ ಮಳೆಯ ಗೋಡೆಗಳನ್ನು ತೋರಿಸುತ್ತದೆ. ಹೊರಗೆ ಕಳೆ ಕಳೆಯಾಗಿ ಕಾಣುವ ಚಂಡಮಾರುತದ ಒಳಗೆ ಎರಡನೇ ಗೋಡೆ ಎದ್ದು ಹಳೆಯದನ್ನು ಹಿಸುಕುತ್ತಿರಬಹುದು. ಆ ಹಂತದಲ್ಲಿ ಗಾಳಿ ತಾತ್ಕಾಲಿಕವಾಗಿ ತಗ್ಗುತ್ತದೆ, ಗಾತ್ರ ಹಿಗ್ಗುತ್ತದೆ. 2003ರ ಇಸಬೆಲ್‌ನ ಕಣ್ಣಿನೊಳಗೆ ಕಿರುಸುಳಿಗಳು ಸೇರಿ ನಕ್ಷತ್ರದಂತೆ ಮೂಡಿದ್ದವು. ಅಂಥ ವಿವರಗಳು ಅಂಕಿಗಳ ಯಾವ ಕಾಲಂನಲ್ಲೂ ಇರುವುದಿಲ್ಲ. 'ನೋಟ' ಎಂಬ ಒಂದು ಕಾಲಂ ಮುಕ್ತ ಬರಹಕ್ಕೆ ಮೀಸಲಿರಲಿ.

9. ಆಯಾ ಕಡಲಿನ ವಾಡಿಕೆ

ಪಶ್ಚಿಮ ಪೆಸಿಫಿಕ್‌ನಲ್ಲಿ ಐದನೇ ದರ್ಜೆ ಹೆಚ್ಚುಕಡಿಮೆ ಪ್ರತಿ ವರ್ಷದ ಮಾತು. ಅರಬ್ಬೀ ಸಮುದ್ರದಲ್ಲಿ ಸೂಪರ್ ಸೈಕ್ಲೋನ್ ಎಂದರೆ 2007ರ ಗೋನು, 2019ರ ಕ್ಯಾರ್ ಎಂದು ಬೆರಳಲ್ಲಿ ಎಣಿಸಬಹುದು. ಹಾಗಾಗಿ ಪ್ರತಿಯೊಂದನ್ನೂ ಅದರದೇ ಕಡಲಿನ ಕಳೆದ ನಲವತ್ತು ವರ್ಷಗಳ ಪಟ್ಟಿಯಲ್ಲಿ ಇಟ್ಟು, ಮೇಲಿನಿಂದ ಎಷ್ಟನೆಯದು ಎಂದು ನೋಡಿ. ಉಪಗ್ರಹ ದಾಖಲೆ ಅದಕ್ಕಿಂತ ಹಿಂದಕ್ಕೆ ಹೋದಂತೆ ತೂತುಗಳು ಹೆಚ್ಚು. ತಿಂಗಳನ್ನೂ ಗಮನಿಸಿ: ಮೇ ತಿಂಗಳಲ್ಲಿ ಮಾವರ್ ಮುಟ್ಟಿದ ಬಲ ಅಕ್ಟೋಬರ್‌ನಲ್ಲಿ ಬಂದಿದ್ದರೆ ಅಷ್ಟು ಹುಬ್ಬೇರಿಸುವಂಥದ್ದಾಗುತ್ತಿರಲಿಲ್ಲ.

10. ಸಾವುನೋವು ಅಂಕಪಟ್ಟಿಗೆ ಸೇರದು

ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಸತ್ತವರ ಸಂಖ್ಯೆ, ನಷ್ಟದ ಮೊತ್ತ ಇವು ಚಂಡಮಾರುತದ ಬಲವನ್ನು ಅಳೆಯುವುದಕ್ಕಿಂತ ಹೆಚ್ಚಾಗಿ ಕರಾವಳಿಯ ಜನಸಾಂದ್ರತೆ, ಮನೆಗಳ ಗಟ್ಟಿತನ, ಎಚ್ಚರಿಕೆ ತಲುಪಿದ ವೇಗ ಇವನ್ನು ಅಳೆಯುತ್ತವೆ. ಫ್ರೆಡ್ಡಿ ಮಲಾವಿಯಲ್ಲಿ ನೂರಾರು ಜನರನ್ನು ಬಲಿ ತೆಗೆದುಕೊಂಡದ್ದು ಗಾಳಿಯ ಉತ್ತುಂಗ ಮುಗಿದು ವಾರಗಳಾದ ಮೇಲೆ, ಮಳೆ ಮತ್ತು ಭೂಕುಸಿತದಿಂದ. 2023ರ ಡಿಸೆಂಬರ್‌ನಲ್ಲಿ ಕ್ವೀನ್ಸ್‌ಲ್ಯಾಂಡ್‌ಗೆ ಬಂದ ಜಾಸ್ಪರ್ ದಡ ಮುಟ್ಟುವಾಗ ಸಾಧಾರಣ ಬಲದ್ದು. ಆದರೆ ಒಂದೇ ಕಡೆ ತಂಗಿ ಕೆಲವೆಡೆ 2,000 ಮಿ.ಮೀ. ಮೀರಿ ಮಳೆ ಸುರಿಸಿತು. ಮಳೆಗೆ ಪ್ರತ್ಯೇಕ ಕಾಲಂ ಇರಲಿ. ಸಾವುನೋವಿನ ವಿವರ ಟಿಪ್ಪಣಿಯಲ್ಲಿ ಗೌರವದಿಂದ ಇರಲಿ, ಅಂಕವಾಗಿ ಬೇಡ.

11. ಪಟ್ಟಿ ಕಟ್ಟುವುದು

ಈಗ ಸ್ಪ್ರೆಡ್‌ಶೀಟ್ ತೆರೆಯಿರಿ. ಒಂದು ಸಾಲಿಗೆ ಒಂದು ಚಂಡಮಾರುತ; ಹತ್ತು ಹನ್ನೆರಡು ಸಾಲು ಮೀರದಿರಲಿ. ಒಂದು ನಿಮಿಷದ ಗರಿಷ್ಠ ವೇಗ ಮತ್ತು ಪುರಾವೆಯ ಗುರುತು, ಹೊಣೆಗಾರ ಕೇಂದ್ರದ ವೇಗ, ಒತ್ತಡ ಮತ್ತು ಕುಸಿತ, 24 ಗಂಟೆಗಳ ಗರಿಷ್ಠ ಏರಿಕೆ, ಮುನ್ಸೂಚನೆ ಮೀರಿದ್ದು ಎಷ್ಟು, ಎಸಿಇ, ಬಾಳಿಕೆ, ಗಾತ್ರ, ಮಳೆ, ಕಡಲಿನ ಪಟ್ಟಿಯಲ್ಲಿ ಸ್ಥಾನ, ನೋಟ.

ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ಮಾಡುವ ಆಸೆ ಬರುತ್ತದೆ. ಬೇಡ ಎನ್ನುತ್ತೇನೆ. ಗರಿಷ್ಠ ವೇಗ ಹೆಚ್ಚಿದ್ದರೆ ಒತ್ತಡ ತಾನಾಗಿಯೇ ಕಡಿಮೆ, ಎಸಿಇಯೂ ಹೆಚ್ಚು. ಉಪಗ್ರಹದಿಂದಷ್ಟೇ ಅಂದಾಜಿಸಿದ ಕಡೆ ಒತ್ತಡವನ್ನು ಬಹುತೇಕ ಗಾಳಿಯ ಅಂಕಿಯಿಂದಲೇ ಲೆಕ್ಕ ಹಾಕಿರುತ್ತಾರೆ. ಒಂದೇ ಗುಣಕ್ಕೆ ಮೂರು ಸಲ ಅಂಕ ಕೊಟ್ಟಂತಾಗುತ್ತದೆ. ಬದಲಿಗೆ ಪ್ರತಿ ಕಾಲಂನಲ್ಲೂ ಮೊದಲ ಮೂರಕ್ಕೆ ಬಣ್ಣ ಹಚ್ಚಿ. 2023ರ ಪಟ್ಟಿಗೆ ಹಾಗೆ ಮಾಡಿದರೆ ಬಲದಲ್ಲಿ ಮಾವರ್, ಬೆಳೆದ ವೇಗದಲ್ಲಿ ಓಟಿಸ್, ಬಾಳಿಕೆಯಲ್ಲಿ ಫ್ರೆಡ್ಡಿ, ನೆಲದ ಅಳತೆಯಲ್ಲಿ ಇಲ್ಸಾ, ಕಡಲಿನ ವಾಡಿಕೆ ಮೀರಿದ್ದರಲ್ಲಿ ಮೋಖಾ ಎದ್ದು ನಿಲ್ಲುತ್ತವೆ. ಒಂದೇ ಹೆಸರು ಕೇಳಿಯೇ ತೀರುತ್ತೇನೆ ಎನ್ನುವವರಿಗೆ ನನ್ನ ಮತ ಫ್ರೆಡ್ಡಿಗೆ. ಬೇರೆ ಯಾವ ಕಾಲಂನಲ್ಲೂ ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಷ್ಟು ದೊಡ್ಡ ಅಂತರವಿಲ್ಲ.

ಪಟ್ಟಿಯ ತಲೆಯ ಮೇಲೆ ದತ್ತಾಂಶ ಇಳಿಸಿಕೊಂಡ ದಿನಾಂಕವನ್ನು ತಪ್ಪದೆ ಬರೆಯಿರಿ. ಚಂಡಮಾರುತ ಜೀವಂತವಿದ್ದಾಗ ಹೊರಬೀಳುವ ಅಂಕಿಗಳು ತುರ್ತಿನವು. ತಿಂಗಳುಗಳ ನಂತರ ಎಲ್ಲ ಪುರಾವೆಗಳನ್ನೂ ಮತ್ತೆ ಪರಿಶೀಲಿಸಿ ಬೆಸ್ಟ್ ಟ್ರ್ಯಾಕ್ ಎಂಬ ಅಂತಿಮ ದಾಖಲೆ ಸಿದ್ಧವಾಗುತ್ತದೆ. 2018ರ ಅಕ್ಟೋಬರ್‌ನಲ್ಲಿ ಫ್ಲೋರಿಡಾಕ್ಕೆ ಅಪ್ಪಳಿಸಿದ ಮೈಕೆಲ್ ಆಗ ನಾಲ್ಕನೇ ದರ್ಜೆಯದ್ದು. 2019ರ ಏಪ್ರಿಲ್‌ನಲ್ಲಿ ಅದು ಐದನೆಯದಾಯಿತು. ಡಿಸೆಂಬರ್‌ನಲ್ಲಿ ಮಾಡಿದ ಪಟ್ಟಿಗೆ 'ತಾತ್ಕಾಲಿಕ' ಎಂದು ಹೆಸರಿಟ್ಟು, ಮರುವರ್ಷದ ಮಧ್ಯದಲ್ಲಿ ಹೊಸ ಕಡತ ಇಳಿಸಿಕೊಂಡು ಅದೇ ಕಾಲಂಗಳಿಗೆ ಮತ್ತೆ ತುಂಬಿ. ಬದಲಾದ ಚೌಕಗಳನ್ನು ಅಳಿಸದೆ, ಹಳೆಯ ಅಂಕಿಯನ್ನು ಪಕ್ಕದಲ್ಲೇ ಉಳಿಸಿಕೊಳ್ಳಿ.